ಬಲಗಡೆಯ ಬಟನ್

ಗಿರಣಿಯ ಸದ್ದು ನಿಂತಿದೆ, ಬಾಷಾಸಾಬ ಊಟಕ್ಕೆ ಎದ್ದಿರಬೇಕು, ಹಾಗಾದರೆ ಬಾಜೂ ಮನೆಯ ಗಿರಣಿ ಕರೆಂಟು ಎಳೆಯುತ್ತದೆ ಅನ್ನುವ ಮಾತೂ ಸುಳ್ಳು, ಏಕೆಂದರೆ ಇಗೋ, ಮತ್ತೆ ಆರಿತು, ಗೇಮಿನ ಡಬ್ಬಿಯ ಕೆಂಪು ದೀಪ ಹೋಗಿ ಟೀವಿಯೆಲ್ಲ ಕಪ್ಪು — ಅವ್ವ ಎಡಗೈಯನ್ನು ಬಟನ್ನುಗಳ ಹಲಗೆಯಿಂದ ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು, ಅದೊಂದನ್ನು ನೋಡಲು ರೋಹಿಣಿಗೆ ಆಗುವುದಿಲ್ಲ, ಬೈಯಲಿ, ಬಡಿಯಲಿ, ಹೀಗೆ ತಪ್ಪು ಮಾಡಿದವರಂತೆ ಕೈ ತೆಗೆಯಬಾರದು. ಬಾಗಿಲಲ್ಲಿ ಅಣ್ಣ ಸುಭಾಸ, ನಾ ಹೇಳಲಿಲ್ಲೇನ, ನೀ ಆಡಿದರ ಏನೂ ಆಗೂದಿಲ್ಲ, ಅವ್ವ ಕುಂತರನ ಬಂದ್ ಬೀಳತೈತಿ, ಲಕ್ವಾ ಹೊಡದಾಕಿಗಿ ಏನ್ ಆಟ ಆಡಸ್ತಿ, ಹಳೇ ಸಾಮಾನಿನ ಮೋಡಕಾದವಗ ಹಾಕು ಅದನ್ನ. ಹಾಕುತ್ತಾಳಂತೆ, ಕಾಯುತ್ತಿರು. ಅವನದೇ ಡಬ್ಬಿ, ಸಣ್ಣವನಿದ್ದಾಗ ಅತ್ತೂ ಕರೆದೂ ಹುಬ್ಬಳ್ಳಿಯಿಂದ ತರಿಸಿಕೊಂಡದ್ದು, ಕ್ಯಾಸೆಟ್ಟು ತುರುಕಿ ಆಡುವಂಥದ್ದು, ತಂಗಿ ಮುಟ್ಟಿದರೆ ಗುದ್ದುತ್ತಿದ್ದ. ಈಗ ತಂಗಿಯೇ ಅದರ ಹೊಟ್ಟೆ ಬಿಚ್ಚಿ, ಹಳೇ ಮೊಬೈಲಿನ ಚಾರ್ಜರು ಕೂಡಿಸಿ, ಅವ್ವ ರೊಟ್ಟಿ ಬಡಿಯುತ್ತಿದ್ದ ಹಲಗೆಗೆ ಬಾಗಿಲ ಬೆಲ್ಲಿನ ಬಟನ್ನುಗಳನ್ನು ಹೊಡೆದಿದ್ದಾಳೆ, ಓಡುವುದು ಜಿಗಿಯುವುದು ಎಲ್ಲ ಎಡಗೈಗೆ, ಬಲಗಡೆ ಒಂದೇ ಒಂದು, ಆಟಕ್ಕೆ ಬೇಕಿಲ್ಲದ್ದು, ಸತ್ತ ಹೆಬ್ಬೆರಳಿನ ಕೆಳಗೆ, ಅದಕ್ಕೆ ಮೊಬೈಲಿನೊಳಗಿನ ಗುರ್ ಅನ್ನುವ ಕಾಳಿನಷ್ಟು ಮೋಟಾರು — ಎಂದಾದರೂ ಒತ್ತಿದರೆ ಬೆರಳಿಗೆ ತಿಳಿಯಲಿ ಅಂತ. ಬಿಡಿಯಾಗಿ ತಿರುಗಿಸಿ ನೋಡಿದ್ದಳು, ಡಬ್ಬಿಯೊಡನೆ ನೋಡಿರಲಿಲ್ಲ, ಯಾರು ಒತ್ತುವವರಿದ್ದರು. ಬೆಳಗ್ಗೆ ಚಹಾದ ಮುಂದೆ ಸುಭಾಸ ಹೇಳಿಬಿಟ್ಟ, ಇನ್ನ ಹುಬ್ಬಳ್ಳಿಗಿ ಕೈ ಕಸರತ್ತಿಗಿ ಹೋಗೂದು ಸಾಕು, ಆ ಕೈ ಮುಗೀತು, ಸುಮ್ಮನ ಆಕೀನ ಬಸ್ಸಿನಾಗ ಎಳದಾಡಬ್ಯಾಡ, ಮತ್ತೆ ಅವ್ವ, ಊರಿಗೆಲ್ಲ ಬಾಯಿ ಮಾಡುತ್ತಿದ್ದ ಶಾರದವ್ವ, ಹೂಂ ಅಂದಳು. ಯಾಕೆ ಹೂಂ ಅಂದೆ ಯವ್ವಾ, ನಾನು ಅನ್ನುವುದಿಲ್ಲ, ಡಬ್ಬಿಯೂ ಮೋಡಕಾಕ್ಕೆ ಹೋಗುವುದಿಲ್ಲ ನಿನ್ನ ಕೈಯೂ ಹೋಗುವುದಿಲ್ಲ, ಇರು. ಚಾರ್ಜರು ಬದಲಿಸಿ ಅವ್ವನನ್ನು ಆಡಲು ಕೂರಿಸಿದಳು, ಆರಿತು. ದಪ್ಪ ವೈರು ಹಾಕಿದಳು, ಬೆಸುಗೆ ಬಿಟ್ಟಿದೆಯೇನೋ ಎಂದು ಮತ್ತೆ ಕಾಯಿಸಿ ಹಚ್ಚಿದಳು, ಬೆರಳು ಸುಟ್ಟಿತು, ಆರಿತು. ಉಳಿದದ್ದು ಬಲಗಡೆಯ ಬಟನ್ನಿನ ವೈರು, ಅದೇನು ಮಾಡೀತು, ಇರಲಿ, ಕಿತ್ತಳು — ಅವ್ವ ಓಡಿದಳು, ಗೋಡೆ ಹತ್ತಿದಳು, ತಗ್ಗು ದಾಟಿದಳು, ದೀಪ ಗಟ್ಟಿಯಾಗಿ ನಿಂತಿತು. ಹಚ್ಚಿದಳು, ಆರಿತು.

ಮೋಟಾರು, ಅದೇ ಕಳ್ಳ, ತಿರುಗಲು ಹೊರಟಿತೆಂದರೆ ಇದ್ದ ಕರೆಂಟೆಲ್ಲ ತಾನೇ ನುಂಗಿ ಡಬ್ಬಿಯನ್ನು ಉಪವಾಸ ಕೆಡವುತ್ತದೆ, ಸಿಕ್ಕಿತಲ್ಲ, ಕಟ್ಟರು ಎಲ್ಲಿ, ಕತ್ತರಿಸಿ ಒಗೆದರೆ ಮುಗಿಯಿತು, ಅಣ್ಣನ ಬಾಯೂ ಮುಚ್ಚಿತು — ತಡಿ. ತಡಿ ರೋಹಿಣಿ. ಮೋಟಾರು ತಾನಾಗಿ ತಿರುಗುವುದಿಲ್ಲ, ಬಟನ್ ಒತ್ತಬೇಕು. ಅವ್ವನ ಎಡಗೈ ಎಡಕ್ಕೇ ಇತ್ತು. ಎಲ್ಲರ ಕಣ್ಣೂ ಟೀವಿಯಲ್ಲಿ, ಬಲಗೈಯ ಮೇಲೆ ಯಾವಾಗಲೂ ಸೆರಗು, ಯಾರೂ ನೋಡಬಾರದೆಂದು ಆಕೆಯೇ ಹೊದಿಸಿಕೊಂಡು ಕೂರುವುದು. ಕಟ್ಟರು ಕೆಳಗಿಟ್ಟು ಸೆರಗು ಸರಿಸಿದಳು. ಅದನ್ಯಾಕ ತಗೀತಿ, ಆ ಕೈಗಿ ಜೀವ ಇಲ್ಲ, ಅಂದಳು ಅವ್ವ. ಇರಲಿ, ನೀ ಆಡಬೇ. ಆರತೈತಿ ಮತ್ತ. ಆರಲಿ ಬಿಡ. ಟೀವಿಯೊಳಗಿನ ಮನುಷ್ಯ ಓಡಿದ, ತಗ್ಗು ಬಂತು, ಅವ್ವ ಹಲ್ಲು ಕಚ್ಚಿ ತಾನೇ ಜಿಗಿಯುವಂತೆ ಮುಂದೆ ಬಾಗಿದಳು, ಎಡಗೈ ಒತ್ತಿತು, ಅದರ ಜೊತೆಗೇ ಅದೂ, ಆ ಹೆಬ್ಬೆರಳು, ನಡುಗಿ, ಉಗುರು ಬಿಳಿಚುವಷ್ಟು — ಕಪ್ಪು. ಅಣ್ಣಾ, ಟೀವಿ ನೋಡಬ್ಯಾಡ, ಇಲ್ಲಿ ನೋಡು, ಹುಬ್ಬಳ್ಳಿ ಬಸ್ಸಿಗಿ ನಾನ ಕರಕೊಂಡು ಹೋಗತೇನಿ, ಅಡ್ಡ ಬಾ ನೋಡೂಣು. ಸುಭಾಸ ಬಾಗಿಲು ಬಿಟ್ಟು ಬಂದು ಹಲಗೆಯ ಮುಂದೆ ಬಗ್ಗಿದ. ಇನ್ನೊಮ್ಮೆ ಯವ್ವಾ. ದೀಪ ಹತ್ತಿತು, ಕೆಂಪಗೆ. ಆರಿಸಬೇ ಅದನ್ನ, ಆರಿಸು. ಬಿಳಿಚಿದ ಉಗುರು, ಕೆಂಪು ದೀಪ, ಆರಿತು.