ಗೋಲಿಗೆ ಹೊತ್ತ ಹರಕೆ

ಹೊನ್ನೂರಸ್ವಾಮಿ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಗೋಲ್‌ಕೀಪರ್. ಪಗಾರ ತಪ್ಪದೆ ಬರುತ್ತಿತ್ತು, ನಂಬರಿನ ಅಂಗಿ ಇತ್ತು, ದಪ್ಪ ಗ್ಲೌಸು ಇದ್ದವು. ಇಲ್ಲದ್ದು ಆಟ ಒಂದೇ. ನಾಲ್ಕು ವರ್ಷದಿಂದ ಅವನು ಮೈದಾನದ ಪಕ್ಕದ ಬೆಂಚಿನ ಮೇಲೆ ಕೂತೇ ಇದ್ದ. ಹನ್ನೊಂದು ಜನ ಆಡುವ ಆಟದಲ್ಲಿ ಗೋಲಿಗೆ ನಿಲ್ಲುವವನು ಒಬ್ಬನೇ ಅಂದರೆ ಅದ್ಯಾವ ಸೀಮೆಯ ನ್ಯಾಯವೋ ಎಂದು ಅವನ ತಾಯಿ ಮೈಲಮ್ಮ ಕಾನಹೊಸಹಳ್ಳಿಯಲ್ಲಿ ಕುರಿಗಳ ನಡುವೆ ಕೂತು ಬೈಯುತ್ತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಬೈಯುವುದಾದರೂ ಯಾರನ್ನು? ಗೋಲಿಗೆ ನಿಲ್ಲುತ್ತಿದ್ದವನು ಕೊಟ್ಟೂರಿನ ಜವಳಿ ಅಂಗಡಿ ಏಕಾಂತಪ್ಪನ ಮಗ ಪ್ರವೀಣಕುಮಾರ್. ಹೊನ್ನೂರನಿಗೆ ಚೆಂಡು ಹಿಡಿಯಲು ಕಲಿಸಿದವನೂ ಅವನೇ, ಕ್ಲಬ್ಬಿಗೆ ಸೇರಿಸಿದವನೂ ಅವನೇ. ಹೊನ್ನೂರ ಅವನನ್ನು ಬಾಯಿ ತುಂಬ ಅಣ್ಣ ಅನ್ನುತ್ತಿದ್ದ.

೧೯೯೮ರ ದೀಪಾವಳಿಗೆ ಬಂದ ಹೊನ್ನೂರ, ಈ ಸಲವೂ ಒಂದು ಆಟ ಸಿಗದಿದ್ದರೆ ಕ್ಲಬ್ಬಿನವರು ಮನೆಗೆ ಕಳಿಸುತ್ತಾರೆ ಎಂದು ಮುಖ ಸಣ್ಣ ಮಾಡಿ ಹೇಳಿದ. ಮೈಲಮ್ಮ ಮುಂದಿನ ಮಂಗಳವಾರವೇ ಉಚ್ಚಂಗಿದುರ್ಗದ ದೇವಿ ಗುಡಿಯ ಮೆಟ್ಟಿಲು ಹತ್ತಿದಳು. ಕೆಟ್ಟದ್ದೇನೂ ಬೇಡಲಿಲ್ಲ, ಪಾಪ.

"ತಾಯಿ, ಆ ಪ್ರವೀಣ ಬಾಳ ದಣದಾನ. ಅವ ಒಂದೀಟು ಕುಂದ್ರಲಿ, ನನ್ನ ಮಗ ನಿಂದ್ರಲಿ. ನಿನಗ ಉಡಿ ತುಂಬ್ತೀನಿ."

ಉಚ್ಚಂಗೆಮ್ಮ ಕೇಳಿಸಿಕೊಂಡಳು. ಎರಡೇ ತಿಂಗಳಿಗೆ, ಗೋವಾದ ಆಟದಲ್ಲಿ ಪ್ರವೀಣನ ಮೊಣಕಾಲು ತಿರುಚಿಕೊಂಡಿತು. ಅವನು ಮತ್ತೆ ಆಡುವ ಹಾಗಿಲ್ಲವೆಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಹೊನ್ನೂರ ಗೋಲಿಗೆ ನಿಂತ. ಪೇಪರಿನಲ್ಲಿ ಫೋಟೊ ಬಂತು, ಕರಾರು ಎರಡು ವರ್ಷ ಮುಂದುವರಿಯಿತು, ಊರವರು ಹಿಗ್ಗಿದರು. ಮೈಲಮ್ಮನಿಗೆ ಮಾತ್ರ ಉಂಡ ಅನ್ನ ಮೈಗೆ ಹತ್ತಲಿಲ್ಲ. ಹರಕೆ ತೀರಿಸಿದರೆ ಆ ಕಾಲು ಮುರಿದವಳು ತಾನೇ ಎಂದು ಒಪ್ಪಿದಂತೆ. ತೀರಿಸದಿದ್ದರೆ ದೇವಿ ಮುನಿದು ಮಗನ ಕೈಯನ್ನೋ ಕಾಲನ್ನೋ ಹಿಡಿದಾಳು. ಉಡಿ ತುಂಬಲು ತಂದ ಸೀರೆ, ಖಣ ಪೆಟ್ಟಿಗೆಯಲ್ಲೇ ಉಳಿದವು.

ಕಡೆಗೆ ತಡೆಯಲಾರದೆ ಕೊಟ್ಟೂರಿನ ಬಸ್ಸು ಹತ್ತಿದಳು. ಪ್ರವೀಣ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ. ಬೇಡಿಕೊಂಡಿದ್ದನ್ನು ಒಂದು ಮಾತೂ ಬಿಡದೆ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಕೈಮುಗಿದಳು.

"ನಿನ್ನ ಅನ್ನ ಕಸಗೊಂಡೆ ತಮ್ಮ. ಹೊಟ್ಟಿಗೆ ಹಾಕ್ಕೊ."

ಪ್ರವೀಣ ಅವಳ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ನಿನ್ನ ಹರಕಿಯಿಂದ ಏನೂ ಆಗಿಲ್ಲವ್ವ. ಮಣಕಾಲು ಎರಡು ವರ್ಷದ ಹಿಂದನ ಹೋಗಿತ್ತು. ಆಟ ಬಿಟ್ಟು ಕುಂದ್ರು ಅಂದಿದ್ರು ಡಾಕ್ಟ್ರು. ಯಾರಿಗೂ ಹೇಳ್ದಂಗ ಇಂಜೆಕ್ಷನ್ ಹಾಕಿಸ್ಕೊಂಡು ನಿಂತೆ."

"ಯಾಕ?"

"ನಿನ್ನ ಮಗ ನನಗಿಂತ ಚಲೋ ಹಿಡೀತಾನ. ಒಂದು ಆಟ ಅವ ನಿಂತ್ರ, ಮತ್ತ ನನ್ನ ಯಾರು ಕರೀತಾರ?"

ಮೈಲಮ್ಮನ ಅಳು ಅಲ್ಲಿಗೇ ನಿಂತಿತು. ಸಿಟ್ಟು ನೆತ್ತಿಗೇರಿತು. ಎರಡು ವರ್ಷ! ಬಾಯಿ ತುಂಬ ಅಣ್ಣ ಅಂದವನನ್ನು ಎರಡು ವರ್ಷ ಬೆಂಚಿನ ಮೇಲೆ ಕೂರಿಸಿದ್ದ ಈ ಪುಣ್ಯಾತ್ಮ. ಬೈಯಲು ಬಾಯಿ ತೆರೆದಳು. ಆದರೆ ಈಗಷ್ಟೇ ಕೈಮುಗಿದವಳು ಯಾವ ಬಾಯಲ್ಲಿ ಬೈದಾಳು? ಹೊಟ್ಟೆಗೆ ಹಾಕಿಕೋ ಅನ್ನುವುದು ಸಲೀಸಿತ್ತು, ಹಾಕಿಕೊಳ್ಳುವುದು ಗಂಟಲಲ್ಲೇ ಸಿಕ್ಕಿಕೊಂಡಿತು.

ಅಷ್ಟರಲ್ಲಿ ಪಕ್ಕದ ಸ್ಟೂಲಿನ ಮೇಲಿದ್ದ ಫೋನು ಬಡಿದುಕೊಂಡಿತು. ಪ್ರವೀಣ ಎತ್ತಲಿಲ್ಲ. ಹೊನ್ನೂರನದೇ, ಕಾಲು ಹೇಗಿದೆ ಎಂದು ಕೇಳಲು ದಿನಾ ಇದೇ ಹೊತ್ತಿಗೆ ಮಾಡುತ್ತಾನೆ ಎಂದ. ಇವತ್ತು ಏನು ಹೇಳಲಿ ಎಂದು ಅವಳ ಮುಖ ನೋಡಿದ.

ಮೈಲಮ್ಮ ರಿಸೀವರು ಎತ್ತಿದಳು. ಮಾತಾಡುವ ತುದಿಗೆ ಅಂಗೈ ಒತ್ತಿ ಹಿಡಿದು, ಅದನ್ನು ಅವನತ್ತ ಚಾಚಿದಳು.

"ಕಾಲು ಹೆಂಗೈತಿ ಅಂತ ಕೇಳ್ತಾನಲ್ಲ, ಅದನ್ನಷ್ಟ ಹೇಳು."