ಒಡಂಬಡಿಕೆಯ ಪಾತ್ರೆ

ನಾನು ಒಂದು ಪಾನಪಾತ್ರೆ. ಹುಬ್ಬಳ್ಳಿಯ ಕಂಚುಗಾರನೊಬ್ಬ ನನ್ನನ್ನು ಹಿತ್ತಾಳೆಯಲ್ಲಿ ಬಡಿದು, ಮೇಲೆ ಬೆಳ್ಳಿಯ ಗಿಲೀಟು ಹಾಕಿ, ಹೊಟ್ಟೆಯ ಮೇಲೊಂದು ಶಿಲುಬೆ ಕೊರೆದ. ಒಳಗೊಂದು ಹೊರಗೊಂದು ಎಂಬುದು ನನ್ನ ಹುಟ್ಟುಗುಣ. ಮನುಷ್ಯರಿಗೂ ಆ ಕಸುಬು ಗೊತ್ತೆಂದು ಆಗ ತಿಳಿದಿರಲಿಲ್ಲ.

ಸಣ್ಣ ಊರೊಂದರ ಕ್ರೈಸ್ತ ಸಭೆ ನನ್ನನ್ನು ಕೊಂಡಿತು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಸಭೆಯ ಹಿರಿಯರಾದ ದಾನಿಯೇಲಪ್ಪನವರ ಮನೆಯಲ್ಲಿ ಒಣದ್ರಾಕ್ಷಿ ಕುದಿಸಿ ತೆಗೆದ ರಸವನ್ನು ನನ್ನಲ್ಲಿ ತುಂಬುತ್ತಿದ್ದರು. ಇದು ಹೊಸ ಒಡಂಬಡಿಕೆ, ನಾವೆಲ್ಲ ಒಂದೇ ದೇಹ ಎಂದು ಹೇಳಿ ಪಾದ್ರಿ ಅಯ್ಯನವರು ಮೊಣಕಾಲೂರಿದವರ ಬಾಯಿಗೆ ಸಾಲಾಗಿ ನನ್ನನ್ನು ಹಿಡಿಯುತ್ತಿದ್ದರು. ನನಗೋ ವಾಕರಿಕೆ. ಎಲೆಅಡಿಕೆಯ ಬಾಯಿ, ತಂಬಾಕಿನ ಬಾಯಿ, ರಸದಲ್ಲಿ ಅದ್ದಿಕೊಂಡ ಮೀಸೆ. ನನ್ನ ಅಂಚು ಒರೆಸುವ ಬಿಳಿ ಬಟ್ಟೆ ನನಗಿಂತ ಹೊಲಸಾಗಿರುತ್ತಿತ್ತು. ಆದರೂ ಯಾರೂ ಮುಖ ತಿರುಗಿಸುತ್ತಿರಲಿಲ್ಲ.

ಹೀಗಿರುವಾಗ ಸುವಾರ್ತವ್ವ ಬಂದಳು. ಊರಿನ ಗಟಾರ ಸ್ವಚ್ಛ ಮಾಡುವ ಹೆಂಗಸು, ಆಗಷ್ಟೇ ದೀಕ್ಷಾಸ್ನಾನ ಪಡೆದವಳು. ಸಾಲಿನ ನಡುವೆ ಮೊಣಕಾಲೂರಿ, ಕಣ್ಣು ಮುಚ್ಚಿ ಕುಡಿದಳು. ಕುಡಿಯುವಾಗ ನಡುಗಿದ ತುಟಿ ನಾನು ಕಂಡದ್ದು ಅವಳದೊಂದೇ. ಅವಳ ನಂತರದ ಸರದಿ ಪಕ್ಕದಲ್ಲಿದ್ದ ದಾನಿಯೇಲಪ್ಪನವರದು. ನಾನು ಹತ್ತಿರ ಬಂದಾಗ ಅವರು ತುಟಿ ಬಿಗಿಹಿಡಿದು, ಕುಡಿದಂತೆ ಮಾಡಿ, ಆಮೇಲೆ ಗಟ್ಟಿಯಾಗಿ ಆಮೆನ್ ಎಂದರು. ನನ್ನೊಳಗಿನ ರಸ ಒಂದು ಹನಿಯೂ ಕಡಿಮೆಯಾಗಲಿಲ್ಲ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬೈಬಲಿನ ಫರಿಸಾಯರೆಂಬ ತೋರಿಕೆಯ ಧರ್ಮಿಷ್ಠರ ಕಪಟವನ್ನು ವಿವರಿಸುವವರೂ ಇವರೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಅಂದು ಬಂದಷ್ಟು ಹೇಸಿಗೆ ನನಗೆ ಯಾವ ತಂಬಾಕಿನ ಬಾಯಿಗೂ ಬಂದಿರಲಿಲ್ಲ.

ಮುಂದಿನ ತಿಂಗಳು ಅವರೇ ಪುಟ್ಟ ಪುಟ್ಟ ಗಾಜಿನ ಲೋಟಗಳ ತಟ್ಟೆ ತಂದು, ಆರೋಗ್ಯಕ್ಕೆ ಇದು ಒಳ್ಳೆಯದು ಎಂದು ಸಭೆಗೆ ತಿಳಿಸಿದರು. ಇಷ್ಟು ವರ್ಷ ನನ್ನಿಂದ ಯಾರ ಆರೋಗ್ಯವೂ ಕೆಟ್ಟಿರಲಿಲ್ಲ. ಅಯ್ಯನವರು ಒಪ್ಪಿ ತಲೆಯಾಡಿಸಿದರು, ಅವರ ಮನೆಗೆ ಹಾಲು ಬರುತ್ತಿದ್ದದ್ದು ದಾನಿಯೇಲಪ್ಪನವರ ಕೊಟ್ಟಿಗೆಯಿಂದ. ಎಲ್ಲರಿಗೂ ಒಂದೊಂದು ಲೋಟ ಸಿಕ್ಕಿತು. ಸುವಾರ್ತವ್ವನನ್ನು ಸಾಲಿನ ಕೊನೆಗೆ ಕೂರಿಸಿದ್ದರು. ಅವಳ ಮುಂದೆ ಮಾತ್ರ ಅಯ್ಯನವರು ನನ್ನನ್ನು ಹಿಡಿದು, ಬೆಳ್ಳಿಯ ಪಾತ್ರೆ ಇನ್ನು ನಿನಗೊಬ್ಬಳಿಗೇ, ನೀನು ಭಾಗ್ಯವಂತೆ ಎಂದು ಮೆಲ್ಲಗೆ ಹೇಳಿದರು.

ಅವಳು ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಲೋಟಗಳ ತಟ್ಟೆಯನ್ನು ನೋಡಿದಳು.

"ಚಾದಂಗಡ್ಯಾಗ ನಮ್ಮವ್ವಗ ತೆಂಗಿನ ಪರಟಿ ಬ್ಯಾರೆ ಇಟ್ಟಿದ್ರರಿ, ಅಯ್ಯನವರ," ಎಂದಳು. "ಇದು ಬೆಳ್ಳಿ ಪರಟಿ."

ಕುಡಿಯದೆ ನನ್ನನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಯಾರೂ ಕರೆಯಲಿಲ್ಲ. ದಾನಿಯೇಲಪ್ಪನವರು ಕೀರ್ತನೆ ಎತ್ತಿದರು.

ಈಗ ನಾನು ಹಿಂದಿನ ಕೋಣೆಯ ಕಪಾಟಿನಲ್ಲಿದ್ದೇನೆ. ಅಂದಿನ ರಸವನ್ನು ಚೆಲ್ಲುವುದಕ್ಕೂ ಯಾರೂ ನನ್ನನ್ನು ಮುಟ್ಟಲಿಲ್ಲ. ಅದು ತಳದಲ್ಲಿ ಒಣಗಿ ಕಪ್ಪಾಗಿದೆ, ಅದರಲ್ಲಿ ಜಿರಳೆಯೊಂದು ಸತ್ತು ಅಂಟಿಕೊಂಡಿದೆ. ಗಿಲೀಟು ಎದ್ದು ಹಿತ್ತಾಳೆ ಕಾಣುತ್ತಿದೆ. ಆ ತಂಬಾಕಿನ ಬಾಯಿಗಳನ್ನು ನೆನೆದರೆ ಈಗ ವಾಕರಿಕೆ ಬರುವುದಿಲ್ಲ. ಅವುಗಳ ಕೊಳೆ ತೊಳೆದರೆ ಹೋಗುತ್ತಿತ್ತು. ತಿಂಗಳಿಗೊಮ್ಮೆ ಗೋಡೆಯಾಚೆಯಿಂದ, ನಾವೆಲ್ಲ ಒಂದೇ ದೇಹ ಎಂಬ ಮಾತು ಕೇಳಿಸುತ್ತದೆ. ಅದರ ಬೆನ್ನಿಗೇ ಗಾಜಿನ ಲೋಟಗಳ ಸದ್ದು. ಆಗ ನನಗೆ ಈ ಸತ್ತ ಜಿರಳೆಯೇ ಚೊಕ್ಕಟವೆನಿಸುತ್ತದೆ.