ಗಡಿಕಲ್ಲಮ್ಮ ನಡೆದು ಬಂದದ್ದು

ಎರಡು ಸಾವಿರದ ಆರನೇ ಇಸವಿಯಲ್ಲಿ ನನಗೆ ಕಲ್ಯಾಣದುರ್ಗದ ಕಡೆ ಆಂಧ್ರ ಸರ್ಕಾರದ ಕನ್ನಡ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿಯೇ ಬಿಟ್ಟಿತ್ತು. ಮನೆ ಆಂಧ್ರದಲ್ಲಿದೆ ಎನ್ನುವ ಒಂದು ಕಾಗದ ಕೊಟ್ಟರಾಯಿತು. ನಾನಾಗಲೇ ಎರಡು ಸೀರೆ ಕೊಂಡು, ಕನ್ನಡಿ ಮುಂದೆ ನಿಂತು ಮಕ್ಕಳನ್ನು ಗದರುವ ಅಭ್ಯಾಸವನ್ನೂ ಮುಗಿಸಿದ್ದೆ.

ನಮ್ಮದು ಕುಂದುರ್ಪಿ ಕಡೆಯ ಹಳ್ಳಿ. ಭಾಷೆ ನೋಡಿ ರಾಜ್ಯ ಹಂಚಿದ ಪುಣ್ಯಾತ್ಮರು ಕನ್ನಡದ ನಮ್ಮೂರನ್ನು ಆಂಧ್ರಕ್ಕೆ ಬಿಟ್ಟು, ಪಡುವಲ ದಿಣ್ಣೆಯ ಮೇಲೆ ಒಂದು ಗಡಿಕಲ್ಲು ನೆಟ್ಟು ಹೋದರು; ಅದರಾಚೆ ಕರ್ನಾಟಕ. ಕಲ್ಲು ಕಂಡರೆ ನಮ್ಮವರು ಸುಮ್ಮನಿರುತ್ತಾರೆಯೇ? ಅರಿಶಿನ ಬಳಿದು, ಸೀರೆ ಉಡಿಸಿ, ಗಡಿಕಲ್ಲಮ್ಮ ಎಂದರು. ನನಗೆ ಕೆಲಸ ಸಿಗುವ ಮೂವತ್ತು ವರ್ಷ ಮೊದಲು ಒಂದು ಮಧ್ಯಾಹ್ನ, ಊರೆಲ್ಲ ಹೊಲದಲ್ಲಿದ್ದಾಗ, ಆ ಅಮ್ಮ ತಾನೇ ನಡೆದು ಬಂದು ನಮ್ಮ ಮನೆ ಮುಂದೆ ನಿಂತಳಂತೆ. ನಮ್ಮಜ್ಜಿ ಉಡುಸಲಮ್ಮ ಕಣ್ಣಾರೆ ಕಂಡಳಂತೆ. ಅಂದಿನಿಂದ ಅವಳೇ ಪೂಜಾರಿ.

ಕಾಗದಕ್ಕಾಗಿ ಬಂದ ಸರ್ವೇಯರ್ ಕಲ್ಲು ನೋಡಿದರು, ಕಲ್ಲಿನ ಪಡುವಲಿಗಿದ್ದ ನಮ್ಮ ಮನೆ ನೋಡಿದರು.

“ರಾಯಿ ಇಕ್ಕಡ ಉಂದಿ ಕದಮ್ಮಾ! ಮೀ ಇಲ್ಲು ಕರ್ನಾಟಕ,” ಎಂದು ನಕ್ಷೆ ಮಡಿಚಿದರು. ಕಲ್ಲು ಇಲ್ಲಿದೆಯಲ್ಲ, ನಿಮ್ಮ ಮನೆ ಕರ್ನಾಟಕದ್ದು ಎಂದರ್ಥ.

ಕಲ್ಲು ನಡೆದು ಬಂದದ್ದೆಂದು ಊರಿಗೆ ಊರೇ ಸಾಕ್ಷಿ ಹೇಳಿತು. ನಡೆಯುವ ಕಲ್ಲಿಗೆ ತಮ್ಮ ಫಾರಮ್ಮಿನಲ್ಲಿ ಜಾಗವಿಲ್ಲ ಎಂದು ಅವರು ಜೀಪು ಹತ್ತಿದರು.

ಅಜ್ಜಿ ಜೀಪಿಗೆ ಅಡ್ಡ ನಿಂತಳು.

“ಅಮ್ಮ ನಡ್ದು ಬರ್ಲಿಲ್ಲ ಸಾಮೀ. ಬಿಸ್ಲಾಗೆ ಒಬ್ಳೇ ನಿಂತಿದ್ಲು, ಆಡು ಬಂದು ಮೈ ಉಜ್ಜತಿದ್ವು. ಹೊಟ್ಟೆ ಉರೀತು. ನಾನೇ ಹಗ್ಗ ಕಟ್ಟಿ ಎಳ್ಕಂಡು ಬಂದ್ಬುಟ್ಟೆ.”

ಈ ವಯಸ್ಸಿನಲ್ಲಿ ಅಜ್ಜಿಗೆ ಊರ ಮುಂದೆ ಈ ಅವಮಾನವೇ, ಕೆಲಸ ಹಾಳಾಗಿ ಹೋಗಲಿ ಎನ್ನಿಸಿಬಿಟ್ಟಿತು ನನಗೆ.

ಪಕ್ಕದ ಮನೆಯ ಮುದುಕಿ ನಾರಮ್ಮ ಎಲೆಅಡಿಕೆ ಉಗಿದಳು. “ಗೊತ್ತು ಕಣಕ್ಕ. ಎಳ್ದ ಗುರ್ತು ದಿಣ್ಣೆಯಿಂದ ನಿನ್ನ ಬಾಗ್ಲಗಂಟ ಬಿದ್ದಿತ್ತು. ಬರ್ಲು ತಕಂಡು ಗುಡಿಸ್ದೋಳು ನಾನೇ.”

“ಅರ್ಧ ನಾನು ಗುಡಿಸಿದ್ದು!” ಎಂದಳು ಎದುರುಮನೆಯ ಬೀರಕ್ಕ.

“ಅದ್ರ ಮ್ಯಾಲೆ ಕುರಿ ಹೊಡ್ದೋನು ನಾನು,” ಎಂದ ಕುರಿಗಾರ ಬೈಲಪ್ಪ.

ಸರ್ವೇಯರ್ ಜೀಪಿನಿಂದಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ಮೆರವಣಿಗೆಯಲ್ಲಿ ದಿಣ್ಣೆ ಹತ್ತಿದೆವು. ಬೈಲಪ್ಪ ತೋರಿಸಿದ ಕಡೆ ಅಗೆದರೆ ಮೊದಲು ಕಲ್ಲು ನೆಟ್ಟಿದ್ದ ಹಳೇ ಗಾರೆಯ ಗುಂಡಿ ಸಿಕ್ಕಿತು. ನನ್ನ ಕಾಗದಕ್ಕೆ ಅಲ್ಲೇ ರುಜು ಬಿತ್ತು. ಸಂತೋಷಕ್ಕೆ ನಾನು ಸರ್ವೇಯರ್ ಕಾಲಿಗೂ ಬಿದ್ದೆ, ಗುಂಡಿಗೂ ಬಿದ್ದೆ.

ಅಜ್ಜಿ ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. ಅಳುತ್ತಾ, ನಗುತ್ತಾ ನಾರಮ್ಮನ ಬೆನ್ನಿಗೆ ಗುದ್ದುತ್ತಿದ್ದಳು. “ಮೂವತ್ತು ವರ್ಷ ಒಬ್ಳೇ ಹೆದ್ರಕಂಡು ಸತ್ತೆ ಕಣೇ! ಒಂದು ಮಾತು ಹೇಳ್ಬಾರ್ದಾಗಿತ್ತಾ?”

“ಹೇಳಿದ್ರೆ ನೀನು ಅಮ್ಮನ್ನ ವಾಪಸ್ ಬಿಸ್ಲಿಗೆ ಬಿಟ್ಟು ಬತ್ತಿದ್ದೆ,” ಎಂದಳು ನಾರಮ್ಮ.